ಹತ್ತಕ್ಕೆ ಎಷ್ಟು ನೋವು

ದೊಡ್ಡಬೆಳವಂಗಲ
14 ಏಪ್ರಿಲ್ 2024

ದಿವ್ಯ,

ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀಯ. ನಿಮ್ಮಮ್ಮನ ಫೋನಿಗೆ ಮಾಡಿದರೆ, "ಅವ್ಳು ಮಾತಾಡಲ್ವಂತೆ ಕಣಪ್ಪಾ. ಫೋನಲ್ಲಿ ನೀವು ಬರೀ ಹೂಂ ಹೂಂ ಅಂತೀರಂತೆ. ಹೇಳೋದಿದ್ರೆ ಕಾಗದ ಬರೀಬೇಕಂತೆ" ಅಂದು ಇಟ್ಟುಬಿಟ್ಟರು. ಅದಕ್ಕೇ ಈ ಕಾಗದ. ನೆಮ್ಮದಿಯಾಗಿ ಕೂತು ಬರೆಯುತ್ತಿದ್ದೇನೆ ಅಂದುಕೊಳ್ಳಬೇಡ. ಎರಡು ಸಾಲು ಬರೆಯುವುದು, ಏಳುವುದು, ಅಂಗಳದಲ್ಲಿ ಒಂದು ಸುತ್ತು ಹಾಕುವುದು, ಮತ್ತೆ ಬಂದು ಎಲ್ಲಿಗೆ ಬಿಟ್ಟಿದ್ದೆ ಅಂತ ಹುಡುಕುವುದು. "ಏನ್ಲಾ ಅದು, ಕೊಟ್ಟಿಗೇಲಿ ಕಟ್ಟಿದ ಹೋರಿ ಥರ" ಅಂತ ಅಪ್ಪ ಆಗಲೇ ಗದರಿಸಿದರು.

ನಿನ್ನ ಚಿಕ್ಕಪ್ಪನ ಮಗ ನರೇಶ ನೋಡಿದ್ದು ನಿಜ. ದೇವನಹಳ್ಳಿಯ ಹಳೇ ಬಸ್ ಸ್ಟಾಂಡಿನ ಹಿಂದಿನ ಬೀದಿಯಲ್ಲಿ, ಮಸಾಜ್ ಅಂತ ಬೋರ್ಡ್ ಹಾಕಿರುವ ಮನೆಯ ಮೆಟ್ಟಿಲಿಳಿದು ಬಂದವನು ನಾನೇ. ಆ ಬೋರ್ಡಿನಲ್ಲಿ ಮಸಾಜ್ ಅನ್ನುವ ಪದದ ಮೇಲೆ ಫಿಸಿಯೋಥೆರಪಿ ಅಂತಲೂ ಇದೆ. ಅದನ್ನು ನರೇಶ ಓದಲಿಲ್ಲ. ಅಲ್ಲಿ ನನ್ನ ಮೈ ತಿಕ್ಕುವವರು ಸಿದ್ದರಾಜು ಅಂತ ಒಬ್ಬ ಗಂಡಸು. ವಯಸ್ಸು ಐವತ್ತು ದಾಟಿದೆ. ಹೆಂಗಸರು ಬಂದರೆ ಅವರ ಹೆಂಡತಿ ಕವಿತ ಬೇರೆ ಕೋಣೆಯಲ್ಲಿ ನೋಡುತ್ತಾರೆ. ನೀನು ಅಂದುಕೊಂಡದ್ದು ಅಲ್ಲಿ ಏನೂ ಇಲ್ಲ.

ನನಗೊಂದು ಕಾಯಿಲೆ ಇದೆ. ಹೆಸರು ಫೈಬ್ರೊಮಯಾಲ್ಜಿಯ. ಬೆಂಗಳೂರಿನ ಡಾಕ್ಟರು ಹೋದ ವರ್ಷ ಶ್ರಾವಣದಲ್ಲಿ ಹೇಳಿದರು. ಮೈಯೆಲ್ಲ ನೋವು. ಕತ್ತು, ಭುಜ, ಸೊಂಟ, ತೊಡೆ. ಒಂದು ದಿನ ಇಲ್ಲಿ, ಒಂದು ದಿನ ಅಲ್ಲಿ. ಎಷ್ಟು ಮಲಗಿದರೂ ಮಲಗಿ ಎದ್ದ ಹಾಗೆ ಇರುವುದಿಲ್ಲ. ರಕ್ತ ಪರೀಕ್ಷೆ, ಎಕ್ಸ್‌ರೇ ಎಲ್ಲ ಸರಿಯಾಗಿಯೇ ಬರುತ್ತವೆ. ನಾಟಕವಲ್ಲ, ನರಗಳು ಸಣ್ಣದನ್ನೂ ದೊಡ್ಡ ನೋವು ಮಾಡಿ ಮಿದುಳಿಗೆ ಮುಟ್ಟಿಸುತ್ತವೆ ಅಂದರು. ಮಾತ್ರೆ ಕೊಟ್ಟರು. ದಿನಾ ನಡೆಯಿರಿ, ಹಗುರವಾದ ಮಸಾಜ್ ಕೆಲವರಿಗೆ ಒಗ್ಗುತ್ತದೆ, ಮಾಡಿಸಿ ನೋಡಿ ಅಂದರು. ಆವತ್ತಿನಿಂದ ವಾರಕ್ಕೊಮ್ಮೆ ಹೋಗುತ್ತಿದ್ದೇನೆ. ನಿನಗೆ ಕ್ರೀಡಾಕೂಟದ ಮೀಟಿಂಗ್ ಅಂತ ಹೇಳಿದ್ದು ಇದಕ್ಕೇ.

ಎಲ್ಲ ಬರೆದಿದ್ದೇನೆ. ರಜೆ ಮುಗಿಯುವುದರೊಳಗೆ ಅಕ್ಷತಳನ್ನು ಕರೆದುಕೊಂಡು ಬಾ.

ನವೀನ್

—

ಶಿವಗಂಗೆ
26 ಏಪ್ರಿಲ್ 2024

ಅಕ್ಷತಳ ಅಪ್ಪನಿಗೆ,

ನಿಮ್ಮ ಕಾಗದ ಬಂತು. ಅಮ್ಮ ಬಾಗಿಲಲ್ಲೇ ನಿಂತಿದ್ದಳು, "ಏನಂತೆ?" ಅಂತ. "ಗಂಡಸಂತೆ" ಅಂದೆ. "ಅಷ್ಟೇ ತಾನೆ? ಸದ್ಯ! ನಾಳೆ ಬಸ್ ಹತ್ತು" ಅಂದಳು. ನಾನು ಹತ್ತಲಿಲ್ಲ.

ನರೇಶ ಬಂದು ಹೇಳಿದ ದಿನ ನನಗೆ ಮೈ ಉರಿದದ್ದು ನಿಜ. ಹೆಂಗಸಲ್ಲ ಅಂತ ಗೊತ್ತಾದರೆ ಉರಿ ಆರುತ್ತದೆ ಅಂದುಕೊಂಡಿದ್ದೆ. ನಿಮ್ಮ ಕಾಗದ ಓದಿದ ಮೇಲೆ ಜಾಸ್ತಿಯಾಯಿತು. ಹೆಂಗಸಾಗಿದ್ದರೆ ಅದಕ್ಕೊಂದು ಅರ್ಥವಾದರೂ ಇರುತ್ತಿತ್ತು.

ನಾನು ಮುಟ್ಟಿದರೆ ಕಲ್ಲಾಗುತ್ತಿದ್ದ ಮೈ ನಿಮ್ಮದು. ಪಕ್ಕದಲ್ಲಿ ಮಲಗಿ ಕೈ ಇಟ್ಟರೆ ಸಾಕು, ಗೋಡೆ ಕಡೆ ತಿರುಗುತ್ತಿದ್ದಿರಿ. ನನ್ನಲ್ಲಿ ಏನು ಕೊರತೆ ಅಂತ ಎಷ್ಟು ಸಲ ಕನ್ನಡಿ ನೋಡಿಕೊಂಡಿದ್ದೇನೆ ಗೊತ್ತಾ? ಅಕ್ಷತ ಬೆನ್ನ ಮೇಲೆ ಹತ್ತಿದಳು ಅಂತ ಆವತ್ತು ಅವಳನ್ನು ಕೊಡವಿದಿರಿ, ಮಗು ಮಂಚದ ಕಾಲಿಗೆ ತಗಲಿಸಿಕೊಂಡು ಬಿತ್ತು. ಆಮೇಲಿಂದ ನೀವು ಕೂತಿರುವ ಕಡೆ ಹೋಗುವಾಗ ಅದು ಸ್ವಲ್ಪ ದೂರದಲ್ಲಿ ನಿಂತು ಮುಖ ನೋಡುತ್ತದೆ, ಗಮನಿಸಿದ್ದೀರಾ? ಇಂಥ ಮೈಯನ್ನು ಬಸ್ ಹತ್ತಿಸಿಕೊಂಡು ಹೋಗಿ, ಯಾರೋ ಸಿದ್ದರಾಜು ಅನ್ನುವವರ ಮುಂದೆ ಹರಡಿಕೊಂಡು ಮಲಗಿದಿರಿ. ಅವರಿಗೆ ಹೇಳಬಹುದಾದದ್ದು ನನಗೆ ಯಾಕೆ ಹೇಳಬಾರದಾಗಿತ್ತು? ಇದಕ್ಕೆ ಉತ್ತರ ಬರೆಯಿರಿ. ಡಾಕ್ಟರು ಹೇಳಿದ್ದು ಬೇಡ, ಅದು ಓದಿಯಾಯಿತು.

ಇನ್ನೊಂದು. ಅಕ್ಷತಳನ್ನು ಇಲ್ಲೇ ಡಾಬಸ್‌ಪೇಟೆಯ ಸ್ಕೂಲಿಗೆ ಸೇರಿಸಬೇಕು ಅಂತಿದ್ದೇನೆ. ನಿಮ್ಮ ಸ್ಕೂಲಿನಿಂದ ಅವಳ ಟಿ.ಸಿ. ಬೇಕು. ಡಾಬಸ್‌ಪೇಟೆಯಲ್ಲಿ ಒಂದು ಟೈಲರಿಂಗ್ ಅಂಗಡಿಯಲ್ಲಿ ನನಗೆ ಕೆಲಸ ಸಿಕ್ಕಿದೆ. ಬ್ಲೌಸ್ ಕೆಲಸ.

ದಿವ್ಯ

—

ದೊಡ್ಡಬೆಳವಂಗಲ
9 ಮೇ 2024

ದಿವ್ಯ,

ನಿನ್ನ ಪ್ರಶ್ನೆಗೆ ಉತ್ತರ ಬರೆಯಲು ಕೂತು ಹಾಳೆ ಹರಿದುಹಾಕಿದ್ದೇ ಆಯಿತು. ನಾನು ಪಿ.ಟಿ. ಮೇಷ್ಟ್ರು. ಮಕ್ಕಳಿಗೆ ನಾನು ಹೇಳುವುದೇ "ಏನಾಗಲ್ಲ ಏಳೋ, ಓಡೋ" ಅಂತ. ಮಂಡಿ ತರಚಿಕೊಂಡು ಬಂದವನಿಗೂ ಅದೇ ಮಾತು. ಅಪ್ಪ ನನಗೆ ಹೇಳಿದ್ದೂ ಅದೇ. ಇದು ಉತ್ತರವಲ್ಲ ಅಂತ ನನಗೂ ಗೊತ್ತು.

ಅಲ್ಲಿ ಏನು ಮಾಡುತ್ತಾರೆ ಅಂತ ಹೇಳುತ್ತೇನೆ, ಅದಾದರೂ ಗೊತ್ತಿರಲಿ. ಕಿಟಕಿಗೆ ದಪ್ಪ ಪರದೆ. ಆದರೂ ವಿಮಾನದ ಸದ್ದು ಬರುತ್ತಲೇ ಇರುತ್ತದೆ. ಎತ್ತರದ ಮಂಚದ ಮೇಲೆ ಬೋರಲು ಮಲಗಬೇಕು. ಸಿದ್ದರಾಜು ಮೊದಲು ಏನೂ ಮಾಡುವುದಿಲ್ಲ. ಬಿಸಿನೀರಲ್ಲಿ ಅದ್ದಿ ಹಿಂಡಿದ ಟವಲ್ಲು ಬೆನ್ನಿಗೆ ಹಾಕಿ, ಅದರ ಮೇಲೆ ಎರಡೂ ಅಂಗೈ ಇಟ್ಟು ಸುಮ್ಮನೆ ನಿಲ್ಲುತ್ತಾರೆ. ಆಮೇಲೆ ಟವಲ್ ತೆಗೆದು ಸ್ವಲ್ಪ ಎಣ್ಣೆ ಹಾಕಿ, ನಿಧಾನಕ್ಕೆ, ಬಹಳ ನಿಧಾನಕ್ಕೆ ಕೈ ಜಾರಿಸುತ್ತಾರೆ. ಒತ್ತುವುದಿಲ್ಲ. ಮಧ್ಯೆ ಮಧ್ಯೆ ಕೇಳುತ್ತಾರೆ, "ಹತ್ತಕ್ಕೆ ಎಷ್ಟು ನೋವು ಸಾರ್?" ನಾನು ಹೇಳಿದ ಮೇಲೆ ಇನ್ನೂ ಹಗುರ ಮಾಡುತ್ತಾರೆ. ಅಲ್ಲಿಂದ ಬಂದ ಮೇಲೆ ಒಂದೆರಡು ದಿನ ಮೈ ನನ್ನದು ಅನ್ನಿಸುತ್ತದೆ. ಮತ್ತೆ ಅದೇ ಕಥೆ.

ಈಗ ಆ ಒಂದೆರಡು ದಿನವೂ ಇಲ್ಲ. ನೀನು ಹೋದ ಮೇಲೆ ನಿದ್ದೆ ಪೂರಾ ಕೆಟ್ಟಿದೆ. ಮಗ್ಗುಲು ಬದಲಾಯಿಸುವುದೇ ಕೆಲಸ. ಬರೆಯುತ್ತ ಬೆರಳು ಸೆಟೆಯುತ್ತಿವೆ, ನಿಲ್ಲಿಸುತ್ತೇನೆ.

ಟಿ.ಸಿ. ವಿಷಯ ಆಮೇಲೆ ಮಾತಾಡೋಣ.

ನವೀನ್

—

ಶಿವಗಂಗೆ
20 ಮೇ 2024

ಅಕ್ಷತಳ ಅಪ್ಪನಿಗೆ,

ಆಮೇಲೆ ಅಂದರೆ ಯಾವಾಗ? ಸ್ಕೂಲು ಶುರುವಾಗುವುದಕ್ಕೆ ಬಂತು. ಮಗು ದಿನಾ ಕೇಳುತ್ತದೆ, "ನಾನು ಯಾವ ಯೂನಿಫಾರಂ ಹಾಕ್ಕೊಳ್ಳೋದು?" ಅಂತ. ಅಂಗಡಿಯಲ್ಲಿ ಬೇರೆ ಮಕ್ಕಳ ಯೂನಿಫಾರಂ ಹೊಲಿಯುತ್ತಾ ನನ್ನ ಮಗಳಿಗೆ ಉತ್ತರ ಹೇಳಲಾರದೆ ಕೂತಿದ್ದೇನೆ. ನನ್ನ ಮನಸ್ಸೂ ಒಂದು ಕಡೆ ನಿಲ್ಲುತ್ತಿಲ್ಲ. ಬೆಳಿಗ್ಗೆ ಹೊರಟು ಬಂದುಬಿಡೋಣ ಅನ್ನಿಸುತ್ತದೆ. ಮಧ್ಯಾಹ್ನ, ಹೋಗಿ ಮತ್ತೆ ಆ ಗೋಡೆ ಕಡೆ ತಿರುಗಿದ ಬೆನ್ನನ್ನೇ ನೋಡಿಕೊಂಡು ಬಿದ್ದಿರಬೇಕಾ ಅನ್ನಿಸುತ್ತದೆ.

ಟಿ.ಸಿ. ಕಳಿಸಿ. ಕಳಿಸುವುದಿಲ್ಲ ಅನ್ನುವುದಾದರೆ ಅದನ್ನಾದರೂ ಬರೆಯಿರಿ.

ದಿವ್ಯ

—

ದೊಡ್ಡಬೆಳವಂಗಲ
2 ಜೂನ್ 2024

ದಿವ್ಯ,

ಟಿ.ಸಿ. ಈ ಕಾಗದದ ಜೊತೆ ಇದೆ. ಹೆಡ್‌ಮಾಸ್ಟರ್ ವೆಂಕಟರಾಮಪ್ಪನವರು ಸಹಿ ಮಾಡುವ ಮುಂಚೆ ಕನ್ನಡಕ ತೆಗೆದು, "ಮೇಷ್ಟ್ರ ಮಗಳೇ ಸ್ಕೂಲ್ ಬಿಟ್ರೆ ಬೇರೆಯವ್ರು ಏನಂತಾರ್ರೀ?" ಅಂದರು. "ಅವರಜ್ಜಿಗೆ ಹುಷಾರಿಲ್ಲ ಸಾರ್" ಅಂದುಬಿಟ್ಟೆ. ನಿಮ್ಮಮ್ಮನ ಕ್ಷಮೆ ಕೇಳಿದೆ ಅಂತ ಹೇಳು.

ಕಾಗದ ತಡವಾದದ್ದಕ್ಕೆ ಕಾರಣವಿದೆ. ನಿನಗೆ ಬರೆದ ವಿಷಯ ಅಮ್ಮನಿಗೆ ಹೇಳಿದೆ, ಅಮ್ಮ ಅಪ್ಪನಿಗೆ ಹೇಳಿದಳು. ಮಾರನೇ ದಿನ ಬೆಳಿಗ್ಗೆ ಅಪ್ಪ ಗರಡಿಮನೆ ಕೊಂಡಪ್ಪನನ್ನು ಕರೆದುಕೊಂಡು ಬಂದರು. ಗೊತ್ತಲ್ಲ, ಅಪ್ಪನ ಜೊತೆ ಕುಸ್ತಿ ಮಾಡುತ್ತಿದ್ದವರು, ಈಗಲೂ ಕೈ ಒಂದೊಂದು ಒನಕೆ ಥರ ಇದೆ. "ದೇವನಹಳ್ಳಿವರ್ಗೂ ಯಾಕ್ಲಾ ಹೋಗ್ತೀಯ, ತಿಕ್ಕೋದಕ್ಕೆ ನಮ್ಮೂರಲ್ಲಿ ಗಂಡಸ್ರಿಲ್ವಾ?" ಅಂದರು ಅಪ್ಪ. ಜಗಲಿಯ ಮೇಲೆ ಚಾಪೆ ಹಾಕಿಸಿದರು. ಹರಳೆಣ್ಣೆ ಕಾಯಿಸಿದರು.

"ಎಲ್ಲಿ ಗಂಟೈತೋ ಅಲ್ಲೇ ಬೆರಳು ಕೊಡ್ಬೇಕು ಕಣಪ್ಪಾ" ಅಂತ ಕೊಂಡಪ್ಪ ಕತ್ತಿನ ಬುಡಕ್ಕೆ ಹೆಬ್ಬೆರಳು ಊರಿದರು. ಕಣ್ಣು ಕತ್ತಲೆ ಬಂತು. ಅಲ್ಲಿಂದ ಭುಜ, ಬೆನ್ನು, ಸೊಂಟ. ಮೊಣಕೈಯಲ್ಲೂ ತೀಡಿದರು. ಅಪ್ಪ ತಲೆಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದರು, ನನ್ನ ಮುಖವನ್ನೇ ನೋಡುತ್ತ. ಹಾಲಿನ ಡೈರಿಗೆ ಹೋಗುವವರೂ ನಿಂತು ನೋಡಿದರು. ನಾನು ಚಾಪೆ ಕಚ್ಚಿಕೊಂಡು ಬಿದ್ದಿದ್ದೆ, ಬಾಯಿ ಬಿಡಲಿಲ್ಲ. ಮುಗಿದ ಮೇಲೆ ಕೊಂಡಪ್ಪ ನನ್ನ ಬೆನ್ನು ತಟ್ಟಿ, "ನೋಡು ಅಪ್ಪಯ್ಯಣ್ಣ, ನಿನ್ ಮಗ ಕಮಕ್ ಕಿಮಕ್ ಅನ್ಲಿಲ್ಲ" ಅಂದರು. ಅಪ್ಪನ ಮುಖದಲ್ಲಿ ಎಷ್ಟು ಖುಷಿ ಅಂತೀಯ.

ಸಂಜೆಗೆ ಜ್ವರ ಬಂದ ಹಾಗಾಯಿತು. ಆಮೇಲೆ ಒಂದು ವಾರ ಅಂಗಿ ತೊಡಲಾಗಲಿಲ್ಲ, ಹೊದಿಕೆ ತಾಕಿದರೂ ಬೆಂಕಿ. ಸ್ಕೂಲು ಶುರುವಾದ ದಿನ ನನಗೆ ಕೈ ಎತ್ತಲಾಗದೆ, ಅಮ್ಮನೇ ತಟ್ಟೆಯಲ್ಲಿ ಮುದ್ದೆ ಮುರಿದು ಕೊಟ್ಟಳು. ಅಪ್ಪನಿಗೆ, ಬಿಸಿಲು ತಾಕಿ ಹೀಗಾಗಿದೆ ಅಂತ ಹೇಳಿದ್ದೇವೆ.

ಅಕ್ಷತಳ ತರಗತಿಗೆ ಟೀಚರು ಯಾರು ಅಂತ ಬರೆ.

ನವೀನ್

—

ಶಿವಗಂಗೆ
10 ಜೂನ್ 2024

ನವೀನ್ ಅವರಿಗೆ,

ನಿಮ್ಮ ಕಾಗದವನ್ನು ಅಂಗಡಿಯಲ್ಲಿ ಮಷೀನಿನ ಮುಂದೆ ಕೂತು ಓದಿದೆ. ಓದುತ್ತ ಓದುತ್ತ ಕಾಲು ತಂತಾನೇ ಪೆಡಲು ತುಳಿದುಬಿಟ್ಟಿತು, ಯಾರದ್ದೋ ಬ್ಲೌಸಿನ ತೋಳಿನ ಮೇಲೆಲ್ಲ ಅಡ್ಡಾದಿಡ್ಡಿ ಹೊಲಿಗೆ ಬಿತ್ತು. ಬಿಚ್ಚುತ್ತ ಕೂತಿದ್ದೆ.

ಯಾಕೆ ಕೂಗಲಿಲ್ಲ ನೀವು? ಕೂಗಿದ್ದರೆ ಏನಾಗುತ್ತಿತ್ತು? ಮಾವ ಮುಖ ಸಿಂಡರಿಸುತ್ತಿದ್ದರು, ಅಷ್ಟೇ. ಒಂದು ವಾರ ಅಂಗಿ ತೊಡಲಾಗದೆ ನರಳುವುದಕ್ಕಿಂತ ಅದು ದೊಡ್ಡದಾ? ಅತ್ತೆಯನ್ನೂ ಸುಳ್ಳಿಗೆ ಸೇರಿಸಿಕೊಂಡಿರಿ. ನನ್ನ ಅಮ್ಮನಿಗೆ ಇಲ್ಲದ ಕಾಯಿಲೆ ಹಚ್ಚಿದಿರಿ. ಇರುವ ನೋವಿನ ಹೆಸರೊಂದನ್ನು ಬಿಟ್ಟು ನಿಮ್ಮ ಬಾಯಲ್ಲಿ ಎಲ್ಲ ಬರುತ್ತದೆ.

ನಿಮ್ಮ ಮೇಲೆ ಕೋಪ, ಕೊಂಡಪ್ಪನ ಮೇಲೆ ಕೋಪ. ಅದರ ಜೊತೆಗೆ ಇನ್ನೊಂದು, ಏನು ಅಂತ ತಿಳಿಯುತ್ತಿಲ್ಲ. ನೀವು ಚಾಪೆ ಕಚ್ಚಿಕೊಂಡದ್ದೇ ಕಣ್ಣಿಗೆ ಬರುತ್ತದೆ. ಅಡುಗೆ ಮಾಡುವಾಗ, ಬಸ್ಸಿನಲ್ಲಿ.

ಅಕ್ಷತಳನ್ನು ಸೇರಿಸಿದೆ. ಟೀಚರ ಹೆಸರು ರಮ್ಯಶ್ರೀ. ಚಿಕ್ಕ ವಯಸ್ಸು, ಮಕ್ಕಳ ಜೊತೆ ನಗುತ್ತಾರೆ. ಮೊದಲನೇ ದಿನ ಅಪ್ಪ ಏನು ಮಾಡುತ್ತಾರೆ ಅಂತ ಕೇಳಿದ್ದಕ್ಕೆ ಇವಳು, "ಓಡಿಸ್ತಾರೆ" ಅಂದಳಂತೆ. ಬಸ್ ಡ್ರೈವರ್ರಾ ಅಂತ ಟೀಚರು ನನ್ನನ್ನು ಕೇಳಿದರು.

ದಿವ್ಯ

—

ಶಿವಗಂಗೆ
7 ಜುಲೈ 2024

ನವೀನ್ ಅವರಿಗೆ,

ನಿಮ್ಮಿಂದ ಕಾಗದವಿಲ್ಲ. ಆದರೂ ನಾನೇ ಬರೆಯುತ್ತಿದ್ದೇನೆ, ಯಾಕೆಂದರೆ ನಿಮಗೆ ಹೇಳದೆ ಒಂದು ಕೆಲಸ ಮಾಡಿದೆ. ಬುಧವಾರ ಅಂಗಡಿಗೆ ರಜೆ ಹಾಕಿ ದೇವನಹಳ್ಳಿಗೆ ಹೋಗಿಬಂದೆ.

ಯಾಕೆ ಹೋದೆ ಅಂತ ನನಗೇ ಸರಿಯಾಗಿ ಗೊತ್ತಿರಲಿಲ್ಲ. ಆ ಕೋಣೆಯನ್ನು ನೋಡಬೇಕಿತ್ತು. ಬಸ್ಸು ನಮ್ಮೂರ ಮೇಲೇ ಹೋಯಿತಲ್ಲ, ಸ್ಟಾಪಿನಲ್ಲಿ ಮಾವ ಟೀ ಕುಡಿಯುತ್ತ ನಿಂತಿದ್ದರು. ಸೆರಗು ಮುಖಕ್ಕೆಳೆದುಕೊಂಡು ಕಿಟಕಿಯಿಂದ ಈಚೆ ಸರಿದೆ. ಇಳಿದುಬಿಡಲಾ ಅನ್ನಿಸಿತು, ಅಷ್ಟರಲ್ಲಿ ಕಂಡಕ್ಟರು ವಿಷಲ್ ಹಾಕಿದ. ದೊಡ್ಡಬಳ್ಳಾಪುರದಲ್ಲಿ ಬಸ್ ಬದಲಾಯಿಸುವಾಗಲೂ ವಾಪಸ್ ಹೋಗುವ ಬಸ್ಸು ಪಕ್ಕದಲ್ಲೇ ನಿಂತಿತ್ತು.

ಸಿದ್ದರಾಜು ಬಾಗಿಲು ತೆಗೆದರು. ಸಣಕಲು ಮೈ, ಬಾಯಿ ತುಂಬ ಮಾತು. ನಾನು ಇಂಥವರ ಹೆಂಡತಿ ಅಂದ ಕೂಡಲೇ ಕವಿತ ಅವರನ್ನು ಕೂಗಿ ಕಾಫಿ ಮಾಡಲು ಹೇಳಿದರು. ಕೂತವಳು ನೇರವಾಗಿ ಕೇಳಿಬಿಟ್ಟೆ.

"ನಮ್ಮ ಮನೆಯವ್ರು ನಿಮ್ಮ ಹತ್ರ ಏನೇನು ಹೇಳ್ಕೊಳ್ತಾರೆ?"

"ನನ್ ಹತ್ರಾನಾ? ಏನೂ ಇಲ್ಲಮ್ಮ. ಇಲ್ಲಿ ಮಾತಾಡೋನು ನಾನೊಬ್ನೇ."

"ನೋವಿನ ವಿಷಯ ಹೇಳ್ತಾರಲ್ಲ?"

"ಅದನ್ನೂ ಹೇಳಲ್ಲ. ಹತ್ತಕ್ಕೆ ಎಷ್ಟು ಸಾರ್ ಅಂದ್ರೆ ಯಾವಾಗ್ಲೂ ಎರಡು ಅಂತಾರೆ. ಬಂದಾಗಿಂದ ಎರಡೇ. ನಿಜ್ವಾಗ್ಲೂ ಎರಡಿದ್ರೆ ಯಾರಾದ್ರೂ ಇಷ್ಟು ದೂರ ಬರ್ತಾರಾ?"

"ಮತ್ತೆ ನಿಮಗೆ ಹೇಗೆ ಗೊತ್ತಾಗುತ್ತೆ?"

"ಉಸಿರು ಹಿಡ್ಕೊಂಡುಬಿಡ್ತಾರಮ್ಮ. ನೋಯೋ ಜಾಗಕ್ಕೆ ಕೈ ಬಂತು ಅಂದ್ರೆ ಬೆನ್ನು ಗಟ್ಟಿಯಾಗುತ್ತೆ, ಉಸಿರು ನಿಲ್ಲುತ್ತೆ. ಅದನ್ನ ನೋಡ್ಕೊಂಡು ನಾನು ಕೈ ತೆಗೀತೀನಿ. ಒಂದೊಂದ್ಸಲ ನನ್ ಲೆಕ್ಕಾನೂ ತಪ್ಪುತ್ತೆ. ಹೇಳಿದ್ರೆ ಸುಲಭ."

ಆಮೇಲೆ ಅವರು ಏನು ಹೇಳಿದರೋ ನನ್ನ ಕಿವಿಗೆ ಬೀಳಲಿಲ್ಲ. ಆ ಉಸಿರು ನನಗೆ ಗೊತ್ತು. ಪಕ್ಕದಲ್ಲಿ ಮಲಗಿ ನಿಮ್ಮ ಮೇಲೆ ಕೈ ಇಟ್ಟಾಗಲೆಲ್ಲ ಅದು ನಿಲ್ಲುತ್ತಿತ್ತು. ನಾನು ಅದನ್ನು ಅಸಹ್ಯ ಅಂದುಕೊಂಡಿದ್ದೆ. ನನ್ನನ್ನು ಕಂಡರೆ ಇವರಿಗೆ ಉಸಿರುಗಟ್ಟುತ್ತದೆ ಅಂತ. ಎಷ್ಟು ಕಾಲ ಹಾಗೆ ಅಂದುಕೊಂಡೇ ಕೈ ಹಿಂದಕ್ಕೆ ತೆಗೆದು ಆ ಕಡೆ ತಿರುಗಿ ಮಲಗಿದ್ದೇನೆ.

ನನಗೆ ಹೇಳದ್ದನ್ನು ಅವರಿಗೆ ಹೇಳಿದ್ದೀರಿ ಅಂತ ನಾನು ಬರೆದೆನಲ್ಲ, ನೀವು ಯಾರಿಗೂ ಹೇಳಿಲ್ಲ. ಇದರಿಂದ ಸಮಾಧಾನವಾಗಬೇಕಿತ್ತು. ಭಯವಾಯಿತು.

ಹೊರಡುವಾಗ, "ಇದು ವಾಸಿಯಾಗುತ್ತಾ?" ಅಂತ ಕೇಳಿದೆ. "ನಾನು ವಾಸಿ ಮಾಡ್ತೀನಿ ಅಂತ ಯಾರಿಗೂ ಹೇಳಲ್ಲಮ್ಮ. ಒಂದೆರಡು ದಿನ ಹಗುರ ಆಗುತ್ತೆ, ನಿದ್ದೆ ಹತ್ತುತ್ತೆ. ಕೆಲವ್ರಿಗೆ ಅದೂ ಇಲ್ಲ. ಮಾತ್ರೆ ಬಿಡಬಾರ್ದು, ನಡಿಗೆ ಬಿಡಬಾರ್ದು" ಅಂದರು. ಕವಿತ ನನ್ನನ್ನು ಒಳಗೆ ಕರೆದು, ನನ್ನ ಮುಂಗೈ ಮೇಲೆ ತಮ್ಮ ಅಂಗೈ ಇಟ್ಟು ತೋರಿಸಿದರು. "ಕೈಯ ಭಾರ ಎಷ್ಟಿದ್ಯೋ ಅಷ್ಟೇ. ನೀವಾಗಿ ಒತ್ತಕ್ಕೆ ಹೋಗ್ಬೇಡಿ" ಅಂದರು. ಅವರ ಕೈ ಬೆಚ್ಚಗಿತ್ತು. ನನಗೆ ಯಾಕೋ ಅಳು ಬಂತು. ಅವರು ಕೈ ತೆಗೆಯಲಿಲ್ಲ.

ನೀವು ಯಾಕೆ ಬರೆಯುತ್ತಿಲ್ಲ?

ದಿವ್ಯ

—

ದೊಡ್ಡಬೆಳವಂಗಲ
28 ಜುಲೈ 2024

ದಿವ್ಯ,

ನಿನ್ನ ಜೂನ್ ತಿಂಗಳ ಕಾಗದಕ್ಕೆ ಉತ್ತರ ಬರೆಯಲಾಗಲಿಲ್ಲ. ಯಾಕೆ ಕೂಗಲಿಲ್ಲ ಅಂತ ಕೇಳಿದ್ದೆಯಲ್ಲ, ಅದು ದಿನವೆಲ್ಲ ನನ್ನ ಹಿಂದೆಯೇ ಬರುತ್ತಿತ್ತು. ಮೈದಾನದಲ್ಲಿ ಮಕ್ಕಳ ಸಾಲು ಎಣಿಸುವಾಗ ಲೆಕ್ಕ ತಪ್ಪುತ್ತಿತ್ತು. ಹೆಸರುಗಳು ಮರೆತುಹೋಗುತ್ತಿದ್ದವು. ಆಮೇಲೆ ನಿನ್ನ ಈ ಕಾಗದ ಬಂತು. ನೀನು ಅದನ್ನು ಅಸಹ್ಯ ಅಂದುಕೊಂಡಿದ್ದೆ ಅಂತ ಓದಿ ಹೊಲದ ಕಡೆ ಹೋದವನು, ಕೆರೆ ಏರಿ ದಾಟಿ, ಇನ್ನೂ ಆಚೆ ಹೋಗಿ, ಎಲ್ಲಿದ್ದೇನೆ ಅಂತ ನೋಡಿಕೊಂಡೆ. ಅಸಹ್ಯವಲ್ಲ ದಿವ್ಯ. ನಿನ್ನ ಕೈ ಬಂತು ಅಂದರೆ ನನಗೆ ಅದು ಬೇಕು, ಅದರ ಹಿಂದೆಯೇ ನೋವೂ ಬರುತ್ತದೆ. ತೆಗೆ ಅಂದರೆ ನೀನು ಮತ್ತೆ ಯಾವತ್ತೂ ಇಡುವುದಿಲ್ಲವೇನೋ ಅಂತ ಸುಮ್ಮನಿರುತ್ತಿದ್ದೆ. ಕೊನೆಗೆ ಆದದ್ದೂ ಅದೇ.

ಎರಡು ವಿಷಯ ನಡೆದವು. ಹೇಳಿಬಿಡುತ್ತೇನೆ.

ಹೋದ ವಾರ ಪ್ರಾರ್ಥನೆ ಮುಗಿದ ಮೇಲೆ ಡ್ರಿಲ್. ನಾನು ಮುಂದೆ ನಿಂತು ಕೈ ಮೇಲೆತ್ತಬೇಕು, ಮಕ್ಕಳು ನೋಡಿ ಎತ್ತಬೇಕು. ನನ್ನ ಬಲಗೈ ಭುಜದ ತನಕ ಬಂದು ನಿಂತಿತು. ಮಕ್ಕಳೆಲ್ಲ ಅಷ್ಟಕ್ಕೇ ಎತ್ತಿ ನಿಲ್ಲಿಸಿಕೊಂಡರು, ಮೇಷ್ಟ್ರು ಹೊಸದೇನೋ ಹೇಳಿಕೊಡುತ್ತಿದ್ದಾರೆ ಅಂತ. ನಗು ಬರಬೇಕಿತ್ತು, ಬರಲಿಲ್ಲ. ಅಲ್ಲಿಂದ ಸೀದಾ ವೆಂಕಟರಾಮಪ್ಪನವರ ರೂಮಿಗೆ ಹೋಗಿ ನಿಂತೆ. "ಸಾರ್, ನನಗೊಂದು ಕಾಯಿಲೆ ಇದೆ. ಮೈಯೆಲ್ಲ ನೋಯುತ್ತೆ" ಅಂದೆ. ಅವರು ಮೇಲಿಂದ ಕೆಳಗೆ ನೋಡಿದರು. "ನೋಡಕ್ಕೆ ಚೆನ್ನಾಗೇ ಇದ್ದೀರಲ್ರೀ" ಅಂದರು. "ಹೌದು ಸಾರ್, ನೋಡಕ್ಕೆ ಚೆನ್ನಾಗೇ ಇರ್ತೀನಿ" ಅಂದೆ. ಕೂತ್ಕೊಳ್ಳಿ ಅಂದರು. ಮಾತ್ರೆಯ ಚೀಟಿ ನೋಡಿದರು, ಫೋನಿನಲ್ಲಿ ಹೆಸರು ಹುಡುಕಿ ಓದಿದರು. ಡ್ರಿಲ್‌ನಿಂದ ಬಿಟ್ಟಿದ್ದಾರೆ. ಆದರೆ ಕಬಡ್ಡಿ ಟೀಮನ್ನು ಸೈನ್ಸ್ ಮೇಷ್ಟ್ರಿಗೆ ಕೊಟ್ಟರು. ಆ ಹುಡುಗರನ್ನು ಆರನೇ ಕ್ಲಾಸಿನಿಂದ ತಯಾರು ಮಾಡಿದವನು ನಾನು. ಈಗ ಸಂಜೆ ಅವರು ಆಡುವ ಸದ್ದು ಕೇಳಿದರೆ ಸ್ಟಾಫ್ ರೂಮಿನಲ್ಲಿ ಕೂರಲಾಗುವುದಿಲ್ಲ. ಗೇಟಿನ ಹೊರಗೆ ಹೋಗಿ ನಿಲ್ಲುತ್ತೇನೆ.

ಎರಡನೆಯದು ಅಪ್ಪನದು. ಹೋದ ಭಾನುವಾರ ಕೊಂಡಪ್ಪ ಎಣ್ಣೆ ಬಾಟಲಿ ಹಿಡಿದು ಮತ್ತೆ ಬಂದರು. ಚಾಪೆ ಬಿದ್ದಿತ್ತು. ನಾನು ನಿಂತಲ್ಲೇ ನಿಂತೆ.

"ಬ್ಯಾಡ ಕೊಂಡಪ್ಪಣ್ಣ. ಹೋದ್ಸಲ ನನಗೆ ತುಂಬ ನೋವಾಯ್ತು."

"ಕಮಕ್ ಅನ್ಲಿಲ್ವಲ್ಲೋ!"

"ಅನ್ಲಿಲ್ಲ. ಆದ್ರೂ ನೋವಾಯ್ತು."

ಅಪ್ಪ ಕುರ್ಚಿಯಿಂದ ಎದ್ದು, ಟವಲ್ ಕೊಡವಿಕೊಂಡು ದ್ರಾಕ್ಷಿ ತೋಟದ ಕಡೆ ಹೋದರು. ಊಟಕ್ಕೂ ಬರಲಿಲ್ಲ. ಸಂಜೆ ಅಮ್ಮ ಬಂದು ನನ್ನ ಪಕ್ಕ ಕೂತಳು. "ನಿಮ್ಮಪ್ಪಂಗೂ ಮಂಡಿ ಹಿಡ್ಕೊಂಡೈತೆ ಕಣೋ. ನಂಗೂ ಹೇಳಿಲ್ಲ. ಬಚ್ಚಲಲ್ಲಿ ಗೋಡೆ ಹಿಡ್ಕೊಂಡು ಏಳೋದು ನೋಡಿ ನಾನೇ ಕಂಡ್ಕೊಂಡೆ" ಅಂದಳು. ಅಪ್ಪ ಇನ್ನೂ ನನ್ನ ಜೊತೆ ಮಾತಾಡಿಲ್ಲ.

ನಾನೇನೂ ಗೆದ್ದ ಹಾಗೆ ಬರೆಯುತ್ತಿಲ್ಲ. ಇಷ್ಟು ಹೇಳಿದ ಮೇಲೂ ನೋವು ಇದ್ದಷ್ಟೇ ಇದೆ. ಒಂದು ಭಾನುವಾರ ಅಲ್ಲಿಗೆ ಬರಲಾ? ಬೇಡ ಅಂದರೆ ಬರುವುದಿಲ್ಲ.

ನವೀನ್

—

ಶಿವಗಂಗೆ
2 ಸೆಪ್ಟೆಂಬರ್ 2024

ನವೀನ್,

ನಿನ್ನೆ ಸಂಜೆ ನಿಮ್ಮನ್ನು ಬಸ್ ಹತ್ತಿಸಿ ಬಂದೆ. ಇವತ್ತು ಅಂಗಡಿಯಲ್ಲಿ ಕೈಗೆ ಕೆಲಸ ಹತ್ತಲಿಲ್ಲ, ಊಟದ ಹೊತ್ತಿಗೆ ಮನೆಗೆ ಬಂದುಬಿಟ್ಟೆ. ನಿನ್ನೆ ಆದದ್ದು ನಿಮಗೂ ಗೊತ್ತು. ಆದರೂ ಬರೆಯುತ್ತೇನೆ. ನನ್ನ ಕಡೆಯಿಂದ ಅದು ಹೇಗಿತ್ತು ಅಂತ ನಿಮಗೆ ಗೊತ್ತಿಲ್ಲವಲ್ಲ.

ನೀವು ಬಂದಾಗ ಅಕ್ಷತ ಅಡುಗೆಮನೆ ಬಾಗಿಲ ಹಿಂದೆ ನಿಂತಿದ್ದಳು. ನೀವು ಎರಡೂ ಕೈ ಚಾಚಿ ಕರೆಯುತ್ತೀರಿ, ಅವಳು ಓಡಿ ಬಂದು ಎಗರುತ್ತಾಳೆ, ನೀವು ಕೊಡವುತ್ತೀರಿ ಅಂತ ಹೆದರಿದ್ದೆ. ನೀವು ಹಾಗೆ ಕರೆಯಲಿಲ್ಲ. "ಅಚ್ಚೂ, ಅಪ್ಪಂಗೆ ಈ ಭುಜ ನೋಯ್ತಿದೆ, ಈ ಕಡೆದು ಇವತ್ತು ಪರ್ವಾಗಿಲ್ಲ. ಈ ಕಡೆ ಬಂದು ಕೂತ್ಕೋ" ಅಂದಿರಿ. ಅವಳು ಸುತ್ತು ಹಾಕಿಕೊಂಡು ಬಂದು ಎಡಗಡೆ ಕೂತಳು. ಆಮೇಲೆ ನಿಧಾನಕ್ಕೆ ಒರಗಿದಳು. ಅಮ್ಮ ಕಾಫಿ ಲೋಟ ಹಿಡಿದು ಅಲ್ಲೇ ನಿಂತುಬಿಟ್ಟಳು. "ಏನಮ್ಮ ನಿಮ್ಮಳಿಯಂದ್ರಿಗೆ?" ಅಂತ ಪಕ್ಕದ ಮನೆಯ ಮುತ್ಯಾಲಮ್ಮ ಹೊರಗಿನಿಂದ ಕೇಳಿದ್ದಕ್ಕೆ ಅಮ್ಮ, "ಮೈ ನೋವಂತೆ" ಅಂತ ಗಟ್ಟಿಯಾಗಿ ಹೇಳಿದಳು, ನೆಗಡಿ ಅನ್ನುವ ಹಾಗೆ. ನೀವು ತಲೆ ತಗ್ಗಿಸಲಿಲ್ಲ, ನಾನು ನೋಡಿದೆ.

ಊಟವಾದ ಮೇಲೆ ಒಳಕೋಣೆಯಲ್ಲಿ ನಿಮ್ಮ ಬೆನ್ನ ಮೇಲೆ ಕೈ ಇಟ್ಟೆನಲ್ಲ, ಕವಿತ ತೋರಿಸಿದ ಹಾಗೆ, ಕೈಯ ಭಾರ ಮಾತ್ರ. ಸ್ವಲ್ಪ ಹೊತ್ತು ಎಲ್ಲ ಸರಿ ಇತ್ತು. ಕತ್ತಿನ ಕಡೆ ಜಾರಿಸಿದೆ, ನಿಮ್ಮ ಉಸಿರು ನಿಂತಿತು. ನಾನೂ ಉಸಿರು ಹಿಡಿದೆ. "ಎಷ್ಟು?" ಅಂದೆ. ನೀವು ಎರಡು ಅನ್ನುತ್ತೀರಿ, ನಾನು ಎದ್ದು ಹೋಗುತ್ತೇನೆ, ಎಲ್ಲ ಮೊದಲಿನ ಹಾಗೇ ಆಗುತ್ತದೆ ಅಂತ ಕಾದಿದ್ದೆ.

"ಏಳು. ಕೈ ತೆಗಿ ದಿವ್ಯ" ಅಂದಿರಿ.

ತೆಗೆದೆ. ಇಷ್ಟು ವರ್ಷದಲ್ಲಿ ನಿಮ್ಮ ಮೈಮೇಲಿಂದ ಕೈ ತೆಗೆದದ್ದಕ್ಕೆ ನನಗೆ ನೋವಾಗದೆ ಹೋದದ್ದು ನಿನ್ನೆಯೇ ಮೊದಲು. ನೀವು ಹಾಗೇ ಬೋರಲು ಮಲಗಿ ನಿದ್ದೆ ಹೋದಿರಿ. ನಿಜವಾದ ನಿದ್ದೆ, ಗೊರಕೆ ಸಮೇತ. ನಾನು ಮಂಚದ ಕೆಳಗೆ ಗೋಡೆಗೆ ಒರಗಿ ಕೂತಿದ್ದೆ.

ನಾನು ದೊಡ್ಡಬೆಳವಂಗಲಕ್ಕೆ ಬರುವುದಿಲ್ಲ. ಇದನ್ನು ನಿನ್ನೆ ಹೇಳಬೇಕಿತ್ತು, ನಿಮ್ಮ ಮುಖ ನೋಡಿ ಹೇಳಲಾಗಲಿಲ್ಲ. ಮಾವನ ಕುರ್ಚಿಯ ಎದುರು ನಿಮ್ಮ ಬಾಯಿ ಎಷ್ಟು ದಿನ ತೆರೆದಿರುತ್ತದೋ ನನಗೆ ನಂಬಿಕೆಯಿಲ್ಲ. ಅಕ್ಷತ ಇಲ್ಲಿಗೆ ಹೊಂದಿಕೊಂಡಿದ್ದಾಳೆ. ಡಾಬಸ್‌ಪೇಟೆಯಲ್ಲಿ ಅಂಗಡಿಯ ಹಿಂದೆ ಒಂದು ಮನೆ ಖಾಲಿಯಾಗಿದೆ. ಎರಡು ಕೋಣೆ, ಹೈವೇ ಲಾರಿಗಳ ಸದ್ದು ಜಾಸ್ತಿ, ಮೆಟ್ಟಿಲಿಲ್ಲ. ಅಲ್ಲಿಂದ ನಿಮ್ಮ ಸ್ಕೂಲಿಗೆ ನೇರ ಬಸ್ಸಿದೆ. ವಾರಕ್ಕೊಮ್ಮೆ ಸಿದ್ದರಾಜು ಹತ್ತಿರವೂ ಹೋಗಿ, ನನ್ನ ಕೈಯೊಂದರಿಂದಲೇ ಆಗುವಂಥದ್ದಲ್ಲ ಇದು. ಅತ್ತೆ ಮಾವ ಬಂದು ಹೋಗಲಿ. ಯೋಚನೆ ಮಾಡಿ ಹೇಳಿ. ನಿಮ್ಮ ನಂಬರಿನ ಬ್ಲಾಕ್ ತೆಗೆದಿದ್ದೇನೆ. ಹೂಂ ಅಂತ ಮಾತ್ರ ಹೇಳುವುದಕ್ಕೆ ಫೋನ್ ಮಾಡಬೇಡಿ.

ನನಗೆ ಹೆದರಿಕೆ ಇಲ್ಲ ಅಂತಲ್ಲ. ನಾನು ಬೇಸರಪಡುವ ದಿನಗಳೂ ಬರುತ್ತವೆ. ಇವರಿಗೆ ಯಾವಾಗ ನೋಡಿದರೂ ಇದೇ ಆಯಿತು ಅಂತ ನನ್ನ ಬಾಯಲ್ಲೂ ಬಂದೀತು. ಆದರೂ ಒಂದು ಮಾತು ನಡೆಸಿಕೊಡಿ. ನೋವು ಜಾಸ್ತಿ ಇರುವ ದಿನ ಬಾಗಿಲಲ್ಲೇ ಹೇಳಿಬಿಡಿ, ಇವತ್ತು ಮುಟ್ಟಬೇಡ ಅಂತ. ನಾನು ಮುಟ್ಟುವುದಿಲ್ಲ, ಮುನಿಸಿಕೊಳ್ಳುವುದೂ ಇಲ್ಲ. ಮುಟ್ಟಬಹುದಾದ ದಿನವೂ ಹೇಳಿ. ಅದನ್ನು ನಾನಾಗಿ ಕೇಳುವ ಹಾಗೆ ಮಾಡಬೇಡಿ.

ನಿಮ್ಮ
ದಿವ್ಯ